ಕೂರಿಗೆ ಎತ್ತಿದ ಜಾಗ

ಎಳ್ಳ ಅಮಾವಾಸ್ಯೆಗೆ ಒಂದು ದಿನ ಮೊದಲು, ಬೆಳಿಗ್ಗೆ ಏಳರ ಸುಮಾರಿಗೆ, ಅಪ್ಪ, ಅವ್ವ, ನಾನು ಇಂಡಿಯಿಂದ ಸಿಂದಗಿಯ ಬಸ್ಸು ಹತ್ತಿದೆವು. ಚಳಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಅಪ್ಪನ ತೊಡೆಯ ಮೇಲೆ ನಿಂಬೆಹಣ್ಣಿನ ಚೀಲ. ದಲಾಲರ ಅಡತಿ ಅಂಗಡಿಯಲ್ಲಿ ಹಣ್ಣು ಆರಿಸುವ ಕೆಲಸ ಅವನದು. ಯಾರ ಮನೆಗೆ ಹೋದರೂ ಅದನ್ನೇ ಒಯ್ಯುತ್ತಾನೆ. ಕಂಡಕ್ಟರು ನನಗೂ ಅವ್ವನಿಗೂ ಹೆಣ್ಣುಮಕ್ಕಳ ಬಿಟ್ಟಿ ಚೀಟಿ ಹರಿದು ಕೊಟ್ಟು, ಅಪ್ಪನ ಹತ್ತಿರ ಎಪ್ಪತ್ತು ರೂಪಾಯಿ ಇಸಿದುಕೊಂಡು, "ಯಜಮಾನ್ರ, ಮನ್ಯಾಗ ರೊಕ್ಕಾ ಕೊಡಾವ್ರು ನೀವೊಬ್ಬರ ಉಳದೀರಿ ನೋಡ್ರಿ" ಎಂದ.

"ಮೊದಲಿಂದ್ಲೂ ಹಂಗ ಐತಿ ಬಿಡ್ರಿ" ಎಂದ ಅಪ್ಪ. ಸುತ್ತಲಿನ ನಾಲ್ಕು ಸೀಟು ನಕ್ಕವು. ಅವ್ವ ನಗಲಿಲ್ಲ.

ಹೊರಟಿದ್ದು ನಾಲತವಾಡಕ್ಕೆ, ಅವ್ವನ ತವರಿಗೆ. ಎರಡು ಬೇಸಿಗೆಗಳ ಹಿಂದೆ ನನ್ನ ಅಣ್ಣ ಮುತ್ತು ಅಲ್ಲಿಗೆ ಹೋಗಿದ್ದ. ಸಂಜೆ ಗುಡುಗು ಶುರುವಾದಾಗ ಸೋದರಮಾವನ ಹೊಲದಲ್ಲಿ ಕಟ್ಟಿದ್ದ ಎತ್ತುಗಳನ್ನು ಬಿಚ್ಚಲು ಓಡಿದ. ಸಿಡಿಲಿಗೆ ಅವನೂ ಒಂದು ಎತ್ತೂ ಹೋದವು. ಅವನಿಗೆ ಇಪ್ಪತ್ತಾರು ವರ್ಷ. ಅಂದಿನಿಂದ ಅವ್ವ ತವರಿನ ಕಡೆ ತಲೆ ಹಾಕಿರಲಿಲ್ಲ. ಆ ಮನೆಯಲ್ಲಿ ಒಂದು ಪದ್ಧತಿ ಇದೆ. ಎಳ್ಳ ಅಮಾವಾಸ್ಯೆಯ ದಿನ ಬೆಳೆ ನಿಂತ ಹೊಲಕ್ಕೆ ಅಡುಗೆ ಒಯ್ದು ಚೆಲ್ಲುವ ಚರಗದ ಮೊದಲ ತುತ್ತು ಮನೆಯ ಹಿರಿಮಗಳ ಕೈಯಿಂದಲೇ ಬೀಳಬೇಕು. ಹಿರಿಮಗಳೆಂದರೆ ಅವ್ವ. ಅವಳು ಹೋಗದ್ದರಿಂದ ಹೋದ ವರ್ಷ ಆ ಹೊಲಕ್ಕೆ ಚರಗವೇ ಇರಲಿಲ್ಲ. ಈ ಸಲ ಮಾಮ ಫೋನು ಮಾಡಿ ಅತ್ತನಂತೆ. ಅಪ್ಪ ಫೋನು ಕೆಳಗಿಟ್ಟು "ಹೋಗೂಣು" ಎಂದಷ್ಟೇ ಹೇಳಿದ. ಅವ್ವ ಬೇಡವೆನ್ನಲಿಲ್ಲ, ಆದರೆ ಹೂಂ ಎಂದೂ ಅನ್ನಲಿಲ್ಲ.

ಇದರಲ್ಲಿ ನನ್ನದೊಂದು ಪಾಲಿದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ವಿಜಯಪುರದಲ್ಲಿ ಕಾನೂನು ಓದುತ್ತೇನೆ. ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತಿನ ಸಡಿಲ ಗಂಟು ಎಲ್ಲಿದೆ ಎಂದು ಹುಡುಕುವುದನ್ನೇ ನಾಲ್ಕು ವರ್ಷ ಕಲಿತಿದ್ದೇನೆ. ಅಣ್ಣ ಹೋದ ವಾರ ಸಮಾಧಾನ ಹೇಳಲು ಬಂದ ಹಿರಿಯರೊಬ್ಬರು "ಹಿಂದಿನ ಜನ್ಮದ್ದವ್ವಾ, ದೇವರ ಇಚ್ಛಾ" ಎಂದರು. ನಾನು ಸುಮ್ಮನಿರಲಿಲ್ಲ. "ಬಯಲಾಗ ನಿಂತವರ ಮ್ಯಾಲ ಸಿಡ್ಲ ಬೀಳ್ತೈತ್ರಿ. ಎತ್ತಿಗೂ ಹಿಂದಿನ ಜನ್ಮದ ಪಾಪ ಇತ್ತೇನು? ಇದರಾಗ ಯಾರ ಕೈನೂ ಇಲ್ಲ" ಎಂದೆ. ಅವರು ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಎದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವ್ವ ಕೇಳಿಸಿಕೊಂಡಳು. ಮರುದಿನ ದೇವರಕೋಣೆಯ ಜಗಲಿಯ ಮೇಲಿನ ದೇವರುಗಳನ್ನೆಲ್ಲ ಒಂದು ಹಳೆಯ ಧೋತರದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಗೆದ್ದೆ ಎಂದುಕೊಂಡೆ. ಹತ್ತು ದಿನ ಬಿಟ್ಟು ರೊಟ್ಟಿ ಬಡಿಯುತ್ತ ಕೇಳಿದಳು: "ಯಾರ ಕೈನೂ ಇಲ್ಲಂದಿ. ಮತ್ತ ನಾ ಯಾರ್ನ ಬೈಲಿ?"

ಅಲ್ಲಿಂದೀಚೆ ಅವ್ವ ಯಾರನ್ನೂ ಬೈದದ್ದಿಲ್ಲ, ಏನನ್ನೂ ಬೇಡಿದ್ದಿಲ್ಲ. ಮಾಡಿದ್ದನ್ನು ಬಡಿಸುತ್ತಾಳೆ, ಉಳಿದದ್ದನ್ನು ಮುಚ್ಚಿಡುತ್ತಾಳೆ, ಮಲಗುತ್ತಾಳೆ. ನನ್ನ ವಾದ ತಪ್ಪಲ್ಲವೆಂದು ನನಗೆ ಗೊತ್ತಿತ್ತು. ಆದರೂ ಅದನ್ನು ಸೋಲಿಸುವ ಯಾರಾದರೂ ಸಿಕ್ಕರೆ ಸಾಕು ಅನ್ನಿಸತೊಡಗಿತ್ತು.

ಸಿಂದಗಿಗೆ ಐವತ್ತು ಕಿಲೋಮೀಟರಿನ ಆಸುಪಾಸು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ ಸಿಕ್ಕು ಒಂದೂವರೆ ತಾಸು ಹಿಡಿಯಿತು. ಬಸ್‌ಸ್ಟ್ಯಾಂಡಿನ ಎದುರು ಚಹಾ, ಮಿರ್ಚಿ ಭಜಿ. ಅವ್ವ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೈ ಕಾಸಿದಳೇ ಹೊರತು ಕುಡಿದದ್ದು ಎರಡು ಗುಟುಕು. ತಾಳಿಕೋಟೆಯ ಬಸ್ಸಿಗೆ ಮುಕ್ಕಾಲು ತಾಸು ಕಾದೆವು. ಹತ್ತಿದ ಮೇಲೆ ಅವ್ವ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ನಾನು ಅಪ್ಪನನ್ನು ಮಾತಿಗೆ ಎಳೆದೆ.

"ಅಪ್ಪಾ, ಭೂಮಿ ಬಸರಿ, ಆಕಿಗೆ ಬಯಕಿ ಊಟ ಅಂತೀರಿ. ಮಣ್ಣಿಗೆ ಬಾಯಿ ಎಲ್ಲೈತಿ?"

"ಹಕ್ಕಿ ತಿಂತಾವ. ಇರಿವಿ ತಿಂತಾವ."

"ಹಂಗಾದ್ರ ಹಕ್ಕಿಗೆ ಹಾಕ್ತೇವಿ ಅನ್ನು. ಭೂತಾಯಿಗೆ ಅಂತ ಯಾಕನ್ನೂದು?"

ಅಪ್ಪ ತೊಡೆಯ ಮೇಲಿನ ಚೀಲ ಸರಿಮಾಡಿಕೊಂಡ. "ನಿನಗ ಉಣಸೂವಾಗ ನಿಮ್ಮವ್ವ 'ಚಂದಪ್ಪಗೊಂದ ತುತ್ತ' ಅಂತಿದ್ಲು. ತಿಂದಾಕಿ ನೀ. ಚಂದಪ್ಪ ಯಾವಾಗರ ಬಂದು ತಕರಾರು ಮಾಡ್ಯಾನೇನು?"

ತೀರ್ಪುಗಾರರಿದ್ದಿದ್ದರೆ ಆ ಸುತ್ತನ್ನು ಅಪ್ಪನಿಗೆ ಕೊಡುತ್ತಿದ್ದರು. ಅವ್ವನ ಮುಖದಲ್ಲಿ ಏನಾದರೂ ಅಲುಗಿತೇ ಎಂದು ನೋಡಿದೆ. ಇಲ್ಲ.

ತಾಳಿಕೋಟೆಯಿಂದ ನಾಲತವಾಡಕ್ಕೆ ಟೆಂಪೊ. ಹಿಂದೆ ಹಿಂಡಿಯ ಚೀಲಗಳು, ನಡುವೆ ನಾವು, ನಮ್ಮ ನಡುವೆ ಎರಡು ಆಡು. ಇಳಿದಾಗ ಮಧ್ಯಾಹ್ನ ಎರಡು. ಮಾಮ ಸಿದ್ದಪ್ಪ ಬೇವಿನ ಗಿಡದ ಕೆಳಗೆ ಕಾದು ನಿಂತಿದ್ದ. ಅವ್ವನಿಗಿಂತ ಆರು ವರ್ಷ ಚಿಕ್ಕವನು, ನೋಡಿದರೆ ಹಿರಿಯನಂತೆ ಕಾಣುತ್ತಿದ್ದ. ಚೀಲ ಇಸಿದುಕೊಳ್ಳಲು ಕೈ ಚಾಚಿದ, ಅವ್ವ ಕೊಟ್ಟಳು. ಮೂವತ್ತು ಹೆಜ್ಜೆ ನಡೆದ ಮೇಲೆ ಅವ್ವ ಎಂದಳು: "ಸೊರಗೀಯಲ್ಲೋ."

"ನೀ ಬರ್ಲಿಲ್ಲಲ್ಲಕ್ಕಾ" ಎಂದ ಮಾಮ.

ಸಂಜೆ ಮಾಮನ ಹೆಂಡತಿ ಕಸ್ತೂರಿ ಅತ್ತಿ ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚಿ ಬಡಿಯುತ್ತಿದ್ದಳು. ಅವ್ವ ತಾನಾಗಿ ಹೋಗಿ ಪಕ್ಕದಲ್ಲಿ ಕೂತು ಕಡಬಿನ ಕಣಕ ನಾದತೊಡಗಿದಳು. ನಾದುತ್ತಲೇ, ತಲೆ ಎತ್ತದೆ, ಎಲ್ಲರಿಗೂ ಕೇಳುವಂತೆ ಹೇಳಿದಳು: "ನಾಳಿ ಬಂಡ್ಯಾಗ ಬರ್ತೇನಿ. ಬದುವಿನ ಮ್ಯಾಲ ಕುಂದರ್ತೇನಿ. ಹೊಲದಾಗ ಕಾಲಿಡೂದಿಲ್ಲ."

"ಹಂಗಾದ್ರ ಚರಗ, ಅಕ್ಕಾ?" ಎಂದ ಮಾಮ.

"ನಿನ್ನ ಹೇಂತಿ ಚೆಲ್ಲಲಿ."

"ನಾ ಒಲ್ಲೆರಿ ಅಕ್ಕಾರ" ಎಂದಳು ಅತ್ತಿ, ಹಂಚಿನ ಮೇಲಿನ ರೊಟ್ಟಿ ತಿರುವುತ್ತ. "ನೀವಿರೂಮಟ ಆ ಬುಟ್ಟಿ ನಾ ಮುಟ್ಟೂದಿಲ್ಲ. ಬೇಕಂದ್ರ ಮನಿಗೆ ಹೊಳ್ಳಿ ತರೂಣು, ಎಮ್ಮಿ ತಿಂತಾವ." ಒರಟು ಮಾತು. ಆದರೆ ಹೇಳುವಾಗ ಅವಳು ಅವ್ವನ ಭುಜಕ್ಕೆ ತನ್ನ ಭುಜ ತಾಗಿಸಿಯೇ ಕೂತಿದ್ದಳು.

ಅಮಾವಾಸ್ಯೆಯ ಬೆಳಿಗ್ಗೆ ಒಂಬತ್ತಕ್ಕೆ ಬಂಡಿ ಹೊರಟಿತು. ಊರಿಂದ ಮೂರು ಕಿಲೋಮೀಟರು. ಕಾಲುವೆಯ ನೀರು ಹತ್ತದ ಎತ್ತರದ ಎರಿ ಹೊಲ ಅದು. ಆ ಕಪ್ಪು ಮಣ್ಣು ಕುಡಿದಿಟ್ಟುಕೊಂಡ ಮಳೆಯ ಮೇಲೆ, ಆಮೇಲೆ ಬೀಳುವ ಇಬ್ಬನಿಯ ಮೇಲೆ ಹಿಂಗಾರಿ ಜೋಳ ಬೆಳೆಯಬೇಕು. ಜೋಳ ಎದೆಯುದ್ದ ನಿಂತು ತೆನೆಯ ಹೊಡೆ ಹಿರಿಯುತ್ತಿತ್ತು. ನಡುನಡುವೆ ಕುಸುಬಿಯ ಸಾಲು. ಮಾಮ ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿದ. ಅವ್ವ ಬದುವಿನ ಮೇಲೆ ಕೂತಳು. ಅಪ್ಪ ಹೋಗಿ ಅವಳ ಪಕ್ಕ ಕೂತ. ನಾನು ಕೂತೆ. ಮಾಮ, ಅತ್ತಿ ಬಂದು ಕೂತರು. ಬುಟ್ಟಿಗಳ ಮೇಲೆ ಬಿಳಿ ಬಟ್ಟೆ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಸುತ್ತಲಿನ ಹೊಲಗಳಿಂದ ಚರಗದ ಕೂಗು ಕೇಳುತ್ತಿತ್ತು. ಮುಂದೆ ಹೋಗುವವರು "ಹುಲ್ಲುಲ್ಲಿಗೋ" ಎನ್ನುವುದು, ಹಿಂದೆ ಬರುವವರು "ಚೆಲ್ಲಂಬ್ರಿಗೋ" ಎನ್ನುವುದು. ಅದರ ಅರ್ಥ ಆ ಸೀಮೆಯಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ಹೊಲವೊಂದೇ ಸುಮ್ಮನಿತ್ತು.

ಅರ್ಧ ತಾಸು ಹೀಗೇ ಹೋಯಿತು. ಬೇರೆ ಮಾಡುವುದಕ್ಕೇನೂ ಇಲ್ಲದೆ ಐವರೂ ಎದುರಿಗಿದ್ದದ್ದನ್ನು ನೋಡತೊಡಗಿದೆವು. ಒಂದೇ ಕಡೆ ಮುಖ ಮಾಡಿ ಕೂತು ನಾವು ಹೀಗೆ ನೋಡಿದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ಹೋದೆ, ಆಗಲಿಲ್ಲ.

"ಅದ್ಯಾವ ಹಕ್ಕಿ?" ಎಂದ ಅಪ್ಪ. ಗುಬ್ಬಿಯಷ್ಟೇ ಒಂದು ಹಕ್ಕಿ ಹೊಲದ ನಡುವಿನಿಂದ ರೆಕ್ಕೆ ಬಡಿಯುತ್ತ ಮೇಲೆ ಮೇಲೆ ಏರಿ, ಒಮ್ಮೆಲೇ ಕಲ್ಲು ಬಿದ್ದಂತೆ ಕೆಳಗೆ ಬಿತ್ತು. ಇನ್ನೇನು ಜೋಳಕ್ಕೆ ತಾಗಿತು ಎನ್ನುವಾಗ ಸೆಟೆದು ಮತ್ತೆ ಏರಿತು. ಸಿಳ್ಳೆ ಹಾಕುತ್ತ ಮತ್ತೆ ಬಿತ್ತು.

"ನೆಲಗುಬ್ಬಿ" ಎಂದಳು ಅವ್ವ. ಹುಡುಗಿಯಾಗಿದ್ದಾಗ ಇದೇ ಹೊಲದಲ್ಲಿ ಅಟ್ಟದ ಮೇಲೆ ಕವಣೆ ಹಿಡಿದು ಹಕ್ಕಿ ಕಾದವಳು ಅವಳು. "ಅದು ಗಂಡು. ಹೆಣ್ಣಿಗೆ ತೋರಸಾಕತ್ತೈತಿ, ನೋಡು ನನ್ನ ಆಟ ಅಂತ."

"ಎಲ್ಲಾ ಗಂಡಸ್ರೂ ಹಂಗ" ಎಂದಳು ಅತ್ತಿ. ಮಾಮ ಮೀಸೆ ಸವರಿಕೊಂಡ. ಅವ್ವನ ತುಟಿಯ ಒಂದು ಬದಿ ಸಡಿಲವಾದದ್ದನ್ನು ನಾನು ನೋಡಿದೆ.

ಅವಳು ಕೂತಲ್ಲಿಯೇ ಕಾಲ ಬಳಿ ನೆಲ ಬಿರಿದಿತ್ತು. ಎರಿ ಮಣ್ಣು ಒಣಗಿದಾಗ ಬಿಡುವ ಬಿರುಕು, ನನ್ನ ಅಂಗೈಯಷ್ಟು ಅಗಲ. ಅವ್ವ ಬಳೆಗಳನ್ನು ಮೇಲೆ ಸರಿಸಿ ಮೊಣಕೈ ಮುಳುಗುವ ತನಕ ಅದರಲ್ಲಿ ಕೈ ಇಳಿಸಿದಳು.

"ಅವ್ವಾ, ಚೇಳು ಇರ್ತಾವ!"

"ಇದ್ರ ಇರ್ಲಿ, ಅವುರ ಮನಿ." ಕೈ ಹೊರಗೆ ತೆಗೆದು ನನ್ನ ಕೆನ್ನೆಗೆ ಮುಟ್ಟಿಸಿದಳು. ತಣ್ಣಗಿತ್ತು. ಬೆರಳ ತುದಿಗೆ ಅಂಟಿದ ಮಣ್ಣು ಹಿಸುಕಿದರೆ ಉಂಡೆಯಾಗುತ್ತಿತ್ತು. "ಹಸಿ ಐತಿ. ಮ್ಯಾಲ ಸುಟ್ಟ ರೊಟ್ಟಿ ಆಗೇತಿ, ಕೆಳಗ ಹಸಿ ಐತಿ."

ಅಪ್ಪ ಕೈ ಇಳಿಸಿದ. ಅತ್ತಿ ಇಳಿಸಿದಳು. ಕೊನೆಗೆ ನಾನೂ. ಒಳಗೆ ಬೇರುಗಳು ಸಿಕ್ಕವು. ಬಿರುಕಿನ ಎರಡೂ ದಂಡೆ ಹಿಡಿದು ನೂಲಿನಂತೆ ಕೆಳಕ್ಕೆ ಇಳಿದಿದ್ದವು.

"ನೀರ ಕೆಳಗ ಹೋದಂಗ ಬೇರೂ ಬೆನ್ನ ಹತ್ತಿ ಹೋಗ್ತಾವ" ಎಂದ ಮಾಮ. "ನೀರ ಐತಿ ಅಂತ ಅವಕ್ಕ ಯಾರ್ ಹೇಳ್ಯಾರ?"

ನನಗೆ ತಡೆಯಲಾಗಲಿಲ್ಲ. "ಯಾರೂ ಹೇಳೂದ ಬ್ಯಾಡ ಮಾಮಾ. ಹಸಿ ಇದ್ದ ಕಡೆ ಬೇರು ತಿರಗತೈತಿ. ಅದು ಬೇರಿನ ಗುಣ."

"ಹೌದು" ಎಂದಳು ಅವ್ವ. "ನಾವೇನ್ ಅಲ್ಲಂದೇವೇನು?"

ಎದುರಿನವರು ನನ್ನ ಮಾತನ್ನು ಪೂರ್ತಿ ಒಪ್ಪಿಕೊಂಡು, ಆದರೂ ತಾವಿದ್ದ ಜಾಗದಲ್ಲಿಯೇ ಕೂತಿರುವುದನ್ನು ನಾನು ಯಾವ ವೇದಿಕೆಯ ಮೇಲೂ ನೋಡಿರಲಿಲ್ಲ.

ನೆಲಗುಬ್ಬಿ ಮತ್ತೆ ಏರಿತು, ಬಿತ್ತು. ಈ ಸಲವೂ ಆಟ ಮುಗಿಸಿ ಜೋಳದೊಳಗೆ ಇಳಿದುಬಿಟ್ಟಿತು. ಅವ್ವ ಕತ್ತು ಚಾಚಿದಳು. "ಸುಮಿ, ನೀ ನೋಡೀಯೇನು? ಇದು ಮೂರನೇ ಸಲಾ. ಅಲ್ಲೇ ಇಳೀತೈತಿ."

"ಹೂಂ. ಆ ಕುಸುಬಿ ಸಾಲಿನ ಆಚೆ."

"ಅದು ಜ್ವಾಳದಾಗ ಇಳಿಯೂ ಹಕ್ಕಿ ಅಲ್ಲ. ಅದಕ್ಕ ಬರೇ ನೆಲಾ ಬೇಕು, ಬಯಲು ಬೇಕು." ತಮ್ಮನ ಕಡೆ ತಿರುಗಿದಳು. "ಸಿದ್ದ್ಯಾ, ಹೊಲದ ನಡಕ ಬಯಲು ಎಲ್ಲಿಂದ ಬಂತೋ?"

ಮಾಮ ತಲೆ ತಗ್ಗಿಸಿದ. ಅತ್ತಿ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದಳು. ಅವ್ವ ಇಬ್ಬರ ಮುಖವನ್ನೂ ನೋಡಿದಳು. ನನಗೆ ತಿಳಿಯುವುದಕ್ಕಿಂತ ಮೊದಲೇ ಅವಳಿಗೆ ತಿಳಿದಿತ್ತು. ಎದ್ದು, ಚಪ್ಪಲಿ ಬಿಟ್ಟು, ಎರಡೂ ಕೈಯಿಂದ ಜೋಳದ ದಂಟು ಸರಿಸುತ್ತ ಹೊಲದೊಳಗೆ ನಡೆದೇ ಬಿಟ್ಟಳು. ಕಾಲಿಡುವುದಿಲ್ಲ ಎಂದಿದ್ದು ಅವಳಿಗೂ ನೆನಪಿರಲಿಲ್ಲ, ನಮಗೂ ನೆನಪಿರಲಿಲ್ಲ. ನಾವೆಲ್ಲ ಹಿಂದೆ ಓಡಿದೆವು.

ಕುಸುಬಿ ಸಾಲು ದಾಟಿದರೆ ಅಲ್ಲಿ ಬೆಳೆ ಇರಲಿಲ್ಲ. ನಮ್ಮ ಮನೆಯ ಪಡಸಾಲೆಯಷ್ಟು ಜಾಗ, ಅಲ್ಲಲ್ಲಿ ಒಣಹುಲ್ಲು, ನಡುವೆ ಬೋಳು ನೆಲ. ಸುತ್ತಲೂ ಗೋಡೆಯಂತೆ ಜೋಳ. ಎರಡು ನೆಲಗುಬ್ಬಿ ಪುರ್ರೆಂದು ಎದ್ದವು.

"ಇಲ್ಲೇ ಏನು?" ಎಂದಳು ಅವ್ವ.

"ಇಲ್ಲೇ ಅಕ್ಕಾ." ಮಾಮನ ದನಿ ಒಡೆದಿತ್ತು. "ಬಿತ್ತಾಕ ಕೈ ಬರ್ಲಿಲ್ಲ. ಎರಡ ವರ್ಷನೂ ಕೂರಿಗಿ ಇಲ್ಲಿಮಟ ಬಂದ ಕೂಡ್ಲೆ ಎತ್ತಿ ಹಿಡೀತಿದ್ದೆ, ಆಚೆ ದಂಡಿಗೆ ಹೋಗಿ ಊರ್ತಿದ್ದೆ. ಮುತ್ತು ಬಿದ್ದ ಜಾಗಾ. ಇದರ ಮ್ಯಾಲ ಬೆಳದದ್ದ ನಾವು ಹೆಂಗ ಉಣ್ಣೂದು? ನಿನಗ ಬ್ಯಾಸರಾಗ್ತೈತಿ ಅಂತ..."

"ಬ್ಯಾಸರಾ!" ಅವ್ವನ ದನಿ ಎಷ್ಟು ಎತ್ತರಕ್ಕೆ ಹೋಯಿತೆಂದರೆ ಬಂಡಿಯ ಎತ್ತುಗಳು ಕತ್ತು ಎತ್ತಿದವು, ಗಂಟೆ ಅಲುಗಿದವು. "ಸುಡಗಾಡ ಮಾಡೀಯಲ್ಲೋ ಹುಚ್ಚಪ್ಪಾ! ನನ್ನ ಮಗಾ ಏನ್ ವಿಷಾನೇನು, ಅವ ಬಿದ್ದಲ್ಲಿ ಬೆಳೀಬಾರ್ದಂತ? ಎರಡ ವರ್ಷ ಭೂತಾಯಿ ಬಾಯಾಗ ಒಂದ ಕಾಳ ಹಾಕಿಲ್ಲ, ಒಂದ ತುತ್ತ ಚೆಲ್ಲಿಲ್ಲ. ಆಕಿ ಏನ್ ಮಾಡ್ಯಾಳೋ? ಸಿಡ್ಲ ಆಕಿ ಕರದಿದ್ಲೇನು? ಆಕಿಗೂ ಸುಟ್ಟೈತಿ. ಅವನ್ನ ಹಿಡಕೊಂಡಾಕಿ ಆಕಿ!"

ಬೈದಳು. ತಮ್ಮನನ್ನು ಬೈದಳು, ಸುಮ್ಮನಿದ್ದದ್ದಕ್ಕೆ ಅತ್ತಿಯನ್ನು ಬೈದಳು, ಮುಗಿಲ ಕಡೆ ಮುಖ ಮಾಡಿ ಯಾರನ್ನೋ ಬೈದಳು. ಆ ಬೈಗಳನ್ನು ಇಲ್ಲಿ ಬರೆಯಲಾರೆ. ಅಪ್ಪ ತಡೆಯಲಿಲ್ಲ. ಮಾಮ ಕೈಮುಗಿದು ನಿಂತು ಎಲ್ಲವನ್ನೂ ಇಸಿದುಕೊಂಡ. ಎರಡು ವರ್ಷದ್ದು ಮುಗಿಯಲು ಸಾಕಷ್ಟು ಹೊತ್ತು ಬೇಕಾಯಿತು.

ನಾನು ಅವಳ ಮಾತಿನ ಗಂಟು ಹುಡುಕುತ್ತ ನಿಂತಿದ್ದೆ, ರೂಢಿಯಿಂದ. ಇದು ಯಾರ ತಪ್ಪೂ ಅಲ್ಲ ಎಂದು ಅಂದು ನಾನು ಹೇಳಿದ್ದೆ. ಅವ್ವ ಈಗ ಹೇಳುತ್ತಿದ್ದದ್ದೂ ಹೆಚ್ಚುಕಡಿಮೆ ಅದೇ. ಆದರೆ ನನ್ನ ಮಾತು ಮುಗಿದಲ್ಲಿ ಯಾರೂ ಉಳಿದಿರಲಿಲ್ಲ. ಅವಳ ಮಾತು ಮುಗಿದಲ್ಲಿ ಹಸಿದವಳೊಬ್ಬಳಿದ್ದಳು, ಅವಳಿಗೆ ಉಣ್ಣಲು ಹಾಕಬೇಕಿತ್ತು.

"ಬುಟ್ಟಿ ತರ್ರಿ" ಎಂದಳು ಅವ್ವ.

ಅಪ್ಪ ಬುಟ್ಟಿ ತಂದ, ಅತ್ತಿ ನೀರಿನ ತಂಬಿಗೆ ತಂದಳು. "ಗೂಡು ಇದ್ದೀತು, ನೋಡಿ ಕಾಲ ಇಡ್ರಿ" ಎಂದು ಎಲ್ಲರಿಗೂ ಹೇಳಿ, ಅವ್ವ ಕಡಬು ಮುರಿದು, ಜೋಳದ ನುಚ್ಚು ಬೇಯಿಸಿದ ಬಾನದಲ್ಲಿ ಕಲಸಿ, ಮೊದಲ ತುತ್ತನ್ನು ಆ ಬೋಳು ನೆಲದ ನಡುವೆ ಚೆಲ್ಲಿದಳು. "ಹುಲ್ಲುಲ್ಲಿಗೋ" ಎಂದು ಕೂಗಿದಳು.

ಹಿಂದಿನವರು ಓಗೊಡಬೇಕು. ಮಾಮ ಕೂಗಲು ಬಾಯಿ ತೆರೆದ, ಅಳು ಬಂತು. ಅತ್ತಿ ಸೆರಗು ಬಾಯಿಗೊತ್ತಿಕೊಂಡಿದ್ದಳು. ಅಪ್ಪ ನೀರು ಚಿಮುಕಿಸುತ್ತ ನನ್ನ ಕಡೆ ನೋಡಿದ. ಅರ್ಥ ಗೊತ್ತಿಲ್ಲದ ಮಾತನ್ನು ನಾನು ಆಡುವವಳಲ್ಲ. ಕೂಗು ಯಾರಿಗೆ, ಕೇಳುವವರು ಯಾರು, ಒಂದೂ ಗೊತ್ತಿರಲಿಲ್ಲ. ಅವ್ವ ಬೆನ್ನು ತಿರುಗಿಸಿ, ಕೈಯಲ್ಲಿ ಇನ್ನೊಂದು ತುತ್ತು ಹಿಡಿದು ಕಾಯುತ್ತಿದ್ದಳು.

"ಚೆಲ್ಲಂಬ್ರಿಗೋ" ಎಂದೆ.

"ಗಟ್ಟಿ ಒದರು" ಎಂದಳು ಅವ್ವ, ತಿರುಗದೆ. "ಭಾಷಣಕ್ಕ ಬರೂ ದನಿ ಇದಕ್ಕ ಬರೂದಿಲ್ಲೇನು?"

ಒದರಿದೆ. ಇಡೀ ಹೊಲ ಸುತ್ತುವ ತನಕ ಅವಳು ಕೂಗಿದಳು, ನಾನು ಓಗೊಟ್ಟೆ. ಸುತ್ತು ಮುಗಿದ ಮೇಲೆ "ಯಾರಿಗೆ ಕೂಗಿದಿ ಅವ್ವಾ?" ಎಂದು ಕೇಳಿದ್ದಕ್ಕೆ, "ಮೊದ್ಲ ಓ ಅನ್ಬೇಕು. ಯಾರಂತ ಆಮ್ಯಾಲೆ ಕೇಳಬೇಕು" ಎಂದಳು.

ಆ ಬಯಲಿನ ಅಂಚಿನಲ್ಲಿಯೇ ಕೂತು ಉಂಡೆವು. ಶೇಂಗಾ ಹೋಳಿಗೆ, ಪುಂಡಿಪಲ್ಯ, ಬದನೆಕಾಯಿ ಎಣ್ಣಿಗಾಯಿ. ಅವ್ವ ಎರಡು ರೊಟ್ಟಿ ಉಂಡಳು. ನಾವು ಅಲುಗದೆ ಕೂತಾಗ ನೆಲಗುಬ್ಬಿಗಳು ಹೊಳ್ಳಿ ಬಂದವು, ಮಣ್ಣಿನ ಬಣ್ಣದ ಹೆಣ್ಣು ಮೊದಲು, ಗಂಡು ಆಮೇಲೆ. ಚೆಲ್ಲಿದ ಬಾನದ ಅಗುಳನ್ನು ಹೆಕ್ಕತೊಡಗಿದವು. ಅವ್ವ ಮಾಮನಿಗೆ ಪಿಸುದನಿಯಲ್ಲಿ, "ಬರೋ ಹಿಂಗಾರಿಗೆ ಇಲ್ಲಿ ಕೂರಿಗಿ ಎತ್ತಬ್ಯಾಡ. ನಾನ ಬಂದು ಬಿತ್ತತೇನಿ" ಎಂದಳು.

"ಬಿತ್ತಿದ್ರ ಹಕ್ಕಿಗೆ ಬಯಲು ಎಲ್ಲಿ?" ಎಂದೆ ನಾನು.

"ಸುಗ್ಗಿ ಆದ ಮ್ಯಾಲ ಇಡೀ ಹೊಲಾ ಅದರದ್ದ."

ನಾನು ದೇವರನ್ನು ಕಂಡೆ ಎಂದು ಬರೆಯುತ್ತಿಲ್ಲ. ಸಿಡಿಲಿನ ಬಗ್ಗೆ ಅಂದು ಹೇಳಿದ್ದನ್ನು ಇಂದೂ ಹೇಳುತ್ತೇನೆ. ಆದರೆ ಆ ಬಿರುಕಿನಲ್ಲಿ ಕೈ ಇಳಿಸಿದಾಗ ತಾಗಿದ ತಂಪಿನ ಮುಂದೆ, ಐವರೂ ಉಸಿರು ಬಿಗಿಹಿಡಿದು ನೋಡಿದ ಆ ಎರಡು ಹಕ್ಕಿಗಳ ಮುಂದೆ ನನಗೆ ತಲೆಬಾಗಬೇಕು ಅನ್ನಿಸಿತು. ಬಾಗಿದೆ. ಒಬ್ಬಳೇ ಹೋಗಿದ್ದರೆ ಅಲ್ಲೊಂದು ಬಿರುಕು, ಎರಡು ಹಕ್ಕಿ ಅಷ್ಟೇ ಕಾಣುತ್ತಿದ್ದವು.

ಮರುದಿನ ಬೆಳಿಗ್ಗೆ ನಾಲತವಾಡದಿಂದ ಮುದ್ದೇಬಿಹಾಳಕ್ಕೆ ಇಪ್ಪತ್ತು ಕಿಲೋಮೀಟರು, ಅಲ್ಲಿ ಬಸ್ಸು ಬದಲಿಸಿ ಬಸವನ ಬಾಗೇವಾಡಿಗೆ ಬಂದೆವು. ಮುಂದೆ ವಿಜಯಪುರದ ಬಸ್ಸಿಗೆ ಒಂದು ತಾಸು ಸಮಯವಿತ್ತು. ಅಪ್ಪ ಗುಡಿಗೆ ಹೋಗಿ ಬರೋಣ ಎಂದ. "ನೀವು ಹೋಗಿಬರ್ರಿ, ನನಗೊಂದ ಕೆಲಸಾ ಐತಿ" ಎಂದು ಅವ್ವ ನನ್ನ ಕೈ ಹಿಡಿದು ಎದುರಿನ ಸಾಲಿನ ಬೀಜ, ಗೊಬ್ಬರದ ಅಂಗಡಿಗೆ ಹೋದಳು.

"ಬಿಳಿಜ್ವಾಳದ ಬೀಜ ಐತೇನ್ರಿ?"

ಅಂಗಡಿಯವನು ಕನ್ನಡಕದ ಮೇಲಿಂದ ನೋಡಿದ. "ಯವ್ವಾ, ಹೊಲದಾಗ ಜ್ವಾಳಾ ಹೊಡಿ ಹಿರದಾವ. ಈಗ ಯಾರ್ ಬಿತ್ತತಾರ?"

"ಗೊತ್ತೈತ್ರಿ. ಬರೋ ಹಿಂಗಾರಿಗೆ. ಒಂದು ಪಡಸಾಲಿಯಷ್ಟು ಜಾಗಾ ಐತಿ, ಅಷ್ಟಕ್ಕ."

"ಅಷ್ಟಕ್ಕ ಒಂದ ಹಿಡಿ ಸಾಕಲ್ಲವ್ವಾ. ಯಾರನ್ನ ಕೇಳಿದ್ರೂ ಕೊಡ್ತಾರ."

"ಕೇಳಿ ತಂದದ್ದ ಬ್ಯಾಡ. ನಾನ ಕೊಂಡು ನಾನ ಬಿತ್ತಬೇಕು. ಎಂದ ಬರ್ಲಿ?"

ಅವನ ನಗು ನಿಂತಿತು. "ಉತ್ತರಿ ಮಳಿ ಆದ ಮ್ಯಾಲ ಬರ್ರಿ. ಚಲೋ ಬೀಜ ತಗದಿಟ್ಟಿರ್ತೇನಿ."

"ಮಳಿ ಆಗಲಿಲ್ಲಂದ್ರ?" ಎಂದುಬಿಟ್ಟೆ ನಾನು. ಇಬ್ಬರೂ ನನ್ನ ಕಡೆ ತಿರುಗಿ ನೋಡಿದರು.

"ಲಾ ಓದಾಕತ್ತಾಳ್ರಿ" ಎಂದಳು ಅವ್ವ ಅಂಗಡಿಯವನಿಗೆ. "ಎಲ್ಲಾದಕ್ಕೂ ಹಿಂಗ. ನೀವು ತಗದಿಡ್ರಿ, ನಾ ಬರ್ತೇನಿ."

ವಿಜಯಪುರದ ಬಸ್ಸಿನಲ್ಲಿ ಅವ್ವ ಕಿಟಕಿ ತೆರೆದು ಕೂತಳು. ಹಿಂದಿನ ಸೀಟಿನವರು ಚಳಿ ಎಂದರೂ ಮುಚ್ಚಲಿಲ್ಲ. ಊರು ಹಿಂದೆ ಸರಿದು ಜೋಳದ ಹೊಲಗಳು ಶುರುವಾದಾಗ ನಾನು ಮೊಬೈಲಿನ ಕ್ಯಾಲೆಂಡರು ತೆಗೆದು ಸೆಪ್ಟೆಂಬರಿನ ಕೊನೆಯ ವಾರಕ್ಕೆ ಹೋಗಿ ಬರೆದೆ: ಮಳೆ ಆದರೆ ನಾಲತವಾಡ, ಮೂವರು. ಒಮ್ಮೆ ಓದಿದೆ. ಮೊದಲಿನ ಎರಡು ಶಬ್ದ ಅಳಿಸಿದೆ.